ಓದುಗರ ಪ್ರಶ್ನೆ: ಮಣ್ಣಿನ ಹೊತ್ತಿನಲ್ಲಿ ಯಾವ ವಚನ ಓದಲಿ?

ಎಚ್‌ಐವಿ ಮತ್ತು ಸಭಾಸೇವೆಯ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ದೈವಶಾಸ್ತ್ರ ಕಲಿಸುವ ಅಧ್ಯಾಪಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ. ಬರೆದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ಉತ್ತರ ಕರ್ನಾಟಕದ ಒಂದು ಸಣ್ಣ ಸಭೆಗೆ ಪಾಸ್ಟರ್ ಆಗಿ ಬಂದು ಎರಡು ವರ್ಷವಾಯಿತು. ಹೋದ ವರ್ಷ ನಮ್ಮ ಸಭೆಯ ಲಾರಿ ಡ್ರೈವರ್ ಒಬ್ಬ ತೀರಿಕೊಂಡ. ಮನೆಯವರು ಟಿಬಿ ಅಂದರು, ಆದರೆ ಓಣಿಗೆಲ್ಲ ವಿಷಯ ಗೊತ್ತಿತ್ತು. ಮಣ್ಣಿನ ಹೊತ್ತಿನಲ್ಲಿ ನಾನು ‘ಪಾಪದ ಸಂಬಳ ಮರಣ’ ಎಂಬ ವಚನ ತೆಗೆದುಕೊಂಡು ಪ್ರಸಂಗ ಮಾಡಿದೆ. ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ, ಕಾಲೇಜಿನಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಯೇ ಅದು. ಅವತ್ತಿನಿಂದ ಅವನ ಹೆಂಡತಿ ಆರಾಧನೆಗೆ ಬಂದಿಲ್ಲ. ಬಿ.ಡಿ. (ದೈವಶಾಸ್ತ್ರದ ಪದವಿ) ಓದುವಾಗ ಎಚ್‌ಐವಿ ಬಗ್ಗೆ ಕಲಿತದ್ದು ಒಂದೇ ಒಂದು ಮಧ್ಯಾಹ್ನ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಯಾರೋ ಡಾಕ್ಟರು ಬಂದು ಸ್ಲೈಡ್ ತೋರಿಸಿ, ಕೆಂಪು ರಿಬ್ಬನ್ ಚುಚ್ಚಿ ಹೋದರು. ಆಫ್ರಿಕಾದ ಸೆಮಿನರಿಗಳಲ್ಲಿ, ಅಂದರೆ ಪಾದ್ರಿಗಳನ್ನು ತಯಾರುಮಾಡುವ ಕಾಲೇಜುಗಳಲ್ಲಿ, ಇದನ್ನು ಬೇರೆ ರೀತಿ ಕಲಿಸುತ್ತಾರಂತೆ. ಹೇಗೆ?

ಮೊದಲು ಆ ವಚನದ ಮಾತು. ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದ ಕೊನೆಯ ವಚನ ಅದು, ಮತ್ತು ನೀವು ಓದಿದ್ದು ಅದರ ಅರ್ಧ. ಉಳಿದರ್ಧದಲ್ಲಿ ದೇವರ ಉಚಿತವಾದ ವರದ ಮಾತಿದೆ. ಅದಕ್ಕೂ ಮೂರು ಅಧ್ಯಾಯ ಹಿಂದೆಯೇ ಆ ಪತ್ರಿಕೆ ಬರೆದ ಪೌಲ ‘ಎಲ್ಲರೂ ಪಾಪ ಮಾಡಿದ್ದಾರೆ’ ಎಂದು ಬರೆದಾಗಿದೆ. ಆ ಸಂಬಳದ ಪಟ್ಟಿಯಲ್ಲಿ ನಿಮ್ಮ ಹೆಸರೂ ನನ್ನ ಹೆಸರೂ ಇವೆ. ಆದರೆ ಎದುರಿಗೆ ಪೆಟ್ಟಿಗೆ ಇಟ್ಟುಕೊಂಡು ಅದನ್ನೇ ಓದಿದಾಗ ಕೂತವರಿಗೆ ಕೇಳಿಸಿದ್ದು ಒಬ್ಬನ ಹೆಸರು ಮಾತ್ರ. ನಿಮ್ಮ ಉದ್ದೇಶ ಒಳ್ಳೆಯದೇ ಇತ್ತು, ನಂಬುತ್ತೇನೆ. ಆ ಹೆಣ್ಣುಮಗಳಿಗೆ ಅದರಿಂದ ಆಗುವುದೇನೂ ಇಲ್ಲ.

ಆಫ್ರಿಕಾದಲ್ಲಿ ಬದಲಾವಣೆ ಶುರುವಾದದ್ದೂ ಇಂಥ ಮಣ್ಣಿನ ಕಾರ್ಯಗಳಿಂದಲೇ. 2000ದ ಆಸುಪಾಸಿನಲ್ಲಿ ಬೋತ್ಸ್ವಾನದ ವಯಸ್ಕರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಸೋಂಕಿತ್ತು. ಅಲ್ಲಿನ ಪಾದ್ರಿಗಳಿಗೆ ಶನಿವಾರ ಬಂತೆಂದರೆ ಸ್ಮಶಾನದ ಕೆಲಸ. ಬೋತ್ಸ್ವಾನ ವಿಶ್ವವಿದ್ಯಾಲಯದಲ್ಲಿ ಹೊಸ ಒಡಂಬಡಿಕೆ ಕಲಿಸುತ್ತಿದ್ದ ಮೂಸಾ ದುಬೆ ಎಂಬ ವಿದುಷಿಯ ಎದುರಿಗಿದ್ದ ಪ್ರಶ್ನೆ ನೇರವಾದದ್ದು: ಯೇಸು ಮುಟ್ಟಿದ, ರೋಗ ವಾಸಿಯಾಯಿತು ಎಂಬ ಕಥೆಗಳನ್ನು, ವಾಸಿಯಾಗದ ರೋಗ ಮನೆಮನೆಯಲ್ಲಿ ಇರುವಾಗ ಓದುವುದು ಹೇಗೆ? (ಬೋತ್ಸ್ವಾನ ಸರ್ಕಾರ ಎಆರ್‌ಟಿ, ಅಂದರೆ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆಯನ್ನು ಉಚಿತವಾಗಿ ಕೊಡಲು ಶುರುಮಾಡಿದ್ದೇ 2002ರಲ್ಲಿ.) ಚರ್ಚುಗಳ ಜಾಗತಿಕ ಮಂಡಳಿ 2001ರ ನವೆಂಬರಿನಲ್ಲಿ ನೈರೋಬಿಯಲ್ಲಿ ಸಭೆ ಕರೆಯಿತು, ಮರುವರ್ಷ ಆಫ್ರಿಕಾಕ್ಕೆಂದೇ ಒಂದು ಎಚ್‌ಐವಿ ಕಾರ್ಯಕ್ರಮ ಹುಟ್ಟಿತು. ದುಬೆ ಅದರ ದೈವಶಾಸ್ತ್ರ ಸಲಹೆಗಾರರಾಗಿ ದೇಶದೇಶ ತಿರುಗಿ ಸೆಮಿನರಿ ಅಧ್ಯಾಪಕರಿಗೆ ತರಬೇತಿ ಕೊಟ್ಟರು. 2003ರಲ್ಲಿ ಅವರು ಸಂಪಾದಿಸಿದ ಪಠ್ಯಕ್ರಮದ ಕೈಪಿಡಿಯೂ ಹೊರಬಂತು.

ಗಮನಿಸಿ, ತರಬೇತಿ ಕೊಟ್ಟದ್ದು ಅಧ್ಯಾಪಕರಿಗೆ. ‘ಎಚ್‌ಐವಿ’ ಅಂತ ಇನ್ನೊಂದು ಐಚ್ಛಿಕ ವಿಷಯ ಸೇರಿಸಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು: ಆಸಕ್ತಿ ಇದ್ದ ಐದು ಜನ ಓದುತ್ತಾರೆ, ಮಿಕ್ಕವರು ಗ್ರೀಕ್ ಕ್ರಿಯಾಪದ ಉರುಹೊಡೆಯುತ್ತಾರೆ. ಆ ಕೈಪಿಡಿ ಹಿಡಿದ ದಾರಿ ಬೇರೆ, ಇರುವ ಪಾಠಗಳ ಒಳಗೇ ಇದನ್ನು ಬೆರೆಸುವುದು. ಹಳೆಯ ಒಡಂಬಡಿಕೆಯ ಮೇಷ್ಟ್ರು ಧರ್ಮೋಪದೇಶಕಾಂಡದ 28ನೇ ಅಧ್ಯಾಯದ ಶಾಪಗಳನ್ನು ಪಾಠ ಮಾಡುವಾಗ, ಅವಿಧೇಯತೆಗೆ ರೋಗವೇ ಶಿಕ್ಷೆ ಎಂಬ ಆ ಲೆಕ್ಕವನ್ನು, ತಪ್ಪಿಲ್ಲದೆ ಕಷ್ಟಕ್ಕೆ ಸಿಕ್ಕಿದ ಯೋಬನ ಪುಸ್ತಕ ಹೇಗೆ ಮುರಿಯುತ್ತದೆ ಎಂಬುದನ್ನು ಅದೇ ವಾರ ಮಾಡಲಿ. ಯೋಬನ ಗೆಳೆಯರು ಪುಟಗಟ್ಟಲೆ ಆ ಲೆಕ್ಕ ಒಪ್ಪಿಸುತ್ತಾರೆ, ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಬೀಳುವುದು ಅವರ ಮೇಲೆ. ಸುವಾರ್ತೆಗಳ ಮೇಷ್ಟ್ರಿಗೆ ಯೋಹಾನ 9 ಇದೆ. ಹುಟ್ಟುಕುರುಡನನ್ನು ಕಂಡು ‘ಯಾರು ಪಾಪ ಮಾಡಿದರು, ಇವನೋ ಇವನ ತಂದೆತಾಯಿಗಳೋ’ ಎಂದು ಕೇಳುವವರು ಶಿಷ್ಯರೇ, ಅಂದರೆ ನಾವೇ. ನೀತಿಶಾಸ್ತ್ರದಲ್ಲಿ ವಿಧವೆಯ ಆಸ್ತಿ ಹಕ್ಕು, ಪ್ರಸಂಗ ಕಲೆಯಲ್ಲಿ ನಿಮ್ಮ ಆ ಮಣ್ಣಿನ ಪ್ರಸಂಗ.

ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿರುವ ಉಜಮಾ ಕೇಂದ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಸಿಯಾಫಿಲಾ ಎಂಬ ಗುಂಪುಗಳಿದ್ದವು, ಸೋಂಕಿನೊಂದಿಗೆ ಬದುಕುತ್ತಿದ್ದವರದು. ಜುಲು ಭಾಷೆಯಲ್ಲಿ ಆ ಹೆಸರಿಗೆ ‘ನಾವು ಬದುಕಿದ್ದೇವೆ, ಚೆನ್ನಾಗಿದ್ದೇವೆ’ ಎಂಬರ್ಥ. ಬೈಬಲ್ ವಿದ್ವಾಂಸ ಜೆರಾಲ್ಡ್ ವೆಸ್ಟ್ ಮತ್ತು ಸಂಗಡಿಗರು ಅವರ ಜೊತೆ ಕೂತು ಯೋಬನನ್ನು ಓದಿದರು. ಶವಸಂಸ್ಕಾರದಲ್ಲಿ ಸಾಮಾನ್ಯವಾಗಿ ಓದುವುದು ಮೊದಲ ಅಧ್ಯಾಯ: ಯೆಹೋವನು ಕೊಟ್ಟನು, ಯೆಹೋವನು ತೆಗೆದುಕೊಂಡನು, ಆತನಿಗೆ ಸ್ತೋತ್ರ. ಇವರು ತೆಗೆದದ್ದು ಮೂರನೆಯ ಅಧ್ಯಾಯ. ಅಲ್ಲಿ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಹಾಗೆ ಕಿರುಚಬಹುದು, ಅದೂ ಸತ್ಯವೇದದ ಒಳಗೇ ಇದೆ ಎಂಬುದು ಸ್ತೋತ್ರದ ವಚನವನ್ನಷ್ಟೇ ಕೇಳಿ ಬೆಳೆದವರಿಗೆ ಸಣ್ಣ ವಿಷಯವಲ್ಲ. ಯಾವ ವಚನ ಓದಲಿ ಎಂಬುದಕ್ಕೂ ಇದೇ ನನ್ನ ಉತ್ತರ, ಮುಂದಿನ ಸಲ ಇದನ್ನು ಓದಿ ನೋಡಿ.

ಅದೇ ಕೇಂದ್ರದ ಇನ್ನೊಂದು ಓದು 2 ಸಮುವೇಲ 13, ತಾಮಾರಳ ಕಥೆ. ಅಣ್ಣನೇ ಅತ್ಯಾಚಾರ ಮಾಡುತ್ತಾನೆ, ಇನ್ನೊಬ್ಬ ಅಣ್ಣ ‘ಸುಮ್ಮನಿರು’ ಅನ್ನುತ್ತಾನೆ, ಅಪ್ಪ ದಾವೀದ ಸಿಟ್ಟಾಗುತ್ತಾನೆ, ಅಷ್ಟೇ. ನಾನೊಮ್ಮೆ ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದೆ. ಆಮೇಲೆ ‘ಈ ಕಥೆಯ ಗಂಡಸರು ಒಬ್ಬೊಬ್ಬರೂ ಏನೇನು ಮಾಡಿದರು, ಬರೆಯಿರಿ’ ಎಂದೆ. ಪಟ್ಟಿ ಉದ್ದವಾಯಿತು. ಹಾಸಿಗೆ ಹಿಡಿದವನಂತೆ ನಟಿಸು ಎಂದು ಉಪಾಯ ಹೇಳಿಕೊಟ್ಟ ಗೆಳೆಯ, ಬಾಗಿಲು ಹಾಕಿಕೊಂಡ ಆಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ‘ಸರ್, ಇದನ್ನು ಭಾನುವಾರ ಯಾಕೆ ಓದೋದಿಲ್ಲ?’ ಎಂದು ಕೇಳಿದ. ಎಚ್‌ಐವಿಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಬೇಡ ಅನ್ನುವ ಹಕ್ಕು ಮನೆಯಲ್ಲಿ ಇಲ್ಲದ ಹೆಂಡತಿಗೆ ‘ಪಾವಿತ್ರ್ಯದಿಂದಿರು’ ಎಂದು ಉಪದೇಶಿಸಿ ಪ್ರಯೋಜನವೇನು? ಗಂಡನಿಂದಲೇ ಸೋಂಕು ತಗುಲಿದವರು ನಮ್ಮಲ್ಲೂ ಕಡಿಮೆಯಿಲ್ಲ.

ಇನ್ನು ‘ಕಳಂಕ’. ಸರ್ಕಾರಿ ಕರಪತ್ರಗಳಲ್ಲಿ ‘ಕಳಂಕ ಮತ್ತು ತಾರತಮ್ಯ’ ಅಂತಲೇ ಇರುತ್ತದೆ. ನನಗೆ ಆ ಪದದ ಬಗ್ಗೆ ತಕರಾರಿದೆ. ಚಂದ್ರನ ಕಳಂಕ ಚಂದ್ರನಲ್ಲೇ ಇದೆ. ಇದು ಹಾಗಲ್ಲ, ನಾವು ಬಳಿಯುವ ಮಸಿ. 2003ರ ಡಿಸೆಂಬರಿನಲ್ಲಿ ನಮೀಬಿಯಾದ ವಿಂಡ್‌ಹುಕ್‌ನಲ್ಲಿ ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಬೇರೆಬೇರೆ ಪಂಗಡಗಳ ದೈವಶಾಸ್ತ್ರಜ್ಞರನ್ನು ಕೂರಿಸಿ ಈ ಮಸಿಯ ಬಗ್ಗೆಯೇ ಚರ್ಚೆ ನಡೆಸಿತು. ಅವರ ತೀರ್ಮಾನ ತಿರುಗುಬಾಣದಂತಿತ್ತು: ಹಾಗೆ ಮಸಿ ಬಳಿಯುವುದೇ ಸೃಷ್ಟಿಕರ್ತನ ವಿರುದ್ಧದ ಪಾಪ.

ಈಗ ನಿಮ್ಮ ಸಭೆಯ ಆ ತಂಗಿ. ಹೋಗಿ. ಆದರೆ ಹಿರಿಯರ ದಂಡು ಕಟ್ಟಿಕೊಂಡು ಹೋಗಬೇಡಿ. ಅವರ ಮನೆ ಮುಂದೆ ಮಾತ್ರ ನಿಮ್ಮ ಬೈಕ್ ನಿಂತರೂ ಓಣಿಗೆ ಸುದ್ದಿ. ಆ ಓಣಿಯ ಎಲ್ಲ ಮನೆಗಳ ಭೇಟಿ ಇಟ್ಟುಕೊಳ್ಳಿ, ನಡುವೆ ಅವರ ಮನೆಯೂ ಬರಲಿ. ಅವರಿಗೆ ಪರೀಕ್ಷೆ ಆಗಿದೆಯೇ, ಮಾತ್ರೆ ತಗೊಳ್ತಿದ್ದಾರೆಯೇ ಎಂದು ಕೇಳಬೇಡಿ. ‘ಅವತ್ತು ನಾನು ಆಡಿದ ಮಾತು ತಪ್ಪಾಯ್ತವ್ವಾ’ ಎಂದಷ್ಟು ಹೇಳಿ ಬನ್ನಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಬೇಡ ಅಂದರೆ ಮಾಡಬೇಡಿ. ತಕ್ಷಣ ಆರಾಧನೆಗೆ ಬರುತ್ತಾರೆಂದು ಕಾಯಬೇಡಿ.

ಪ್ರಶ್ನೆ: ನಮ್ಮ ಸಭೆಯಲ್ಲಿ ಪ್ರಭುಭೋಜನದ ದ್ರಾಕ್ಷಾರಸಕ್ಕೆ ಒಂದೇ ಪಾತ್ರೆ. ಒಬ್ಬರಿಗೆ ಎಚ್‌ಐವಿ ಇದೆಯೆಂದು ಗೊತ್ತಾದ ಮೇಲೆ ಕೆಲವರು ಅವರ ನಂತರ ಕುಡಿಯಲು ಹಿಂಜರಿಯುತ್ತಿದ್ದಾರೆ. ಅವರನ್ನು ಕೊನೆಯಲ್ಲಿ ಬರಲು ಹೇಳಬಹುದೇ?

ಬೇಡ. ಎಂಜಲಿನಿಂದ ಎಚ್‌ಐವಿ ಹರಡುವುದಿಲ್ಲ. ರಕ್ತ, ಲೈಂಗಿಕ ಸಂಪರ್ಕ, ಸೋಂಕಿರುವ ಸೂಜಿ, ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಲ್ಲಿ, ದಾರಿಗಳು ಇಷ್ಟೇ. ನೆಗಡಿ ಜ್ವರದ ಕಾರಣಕ್ಕೆ ಎಲ್ಲರಿಗೂ ಸಣ್ಣ ಲೋಟ ಮಾಡುವುದಾದರೆ ಮಾಡಿ. ಒಬ್ಬರನ್ನು ಸಾಲಿನ ಕೊನೆಗೆ ನಿಲ್ಲಿಸುವುದೆಂದರೆ ಪ್ರಭುವಿನ ಮೇಜಿನ ಮುಂದೆಯೇ ಪಂಕ್ತಿಭೇದ ಮಾಡಿದ ಹಾಗೆ. ಸಂಶಯ ಪಡುವವರು ಇದ್ದರೆ, ಅವರಿಗಿಂತ ಮುಂಚೆ ಬಾಯಿ ಮಾತಿಲ್ಲದೆ ಪಾಸ್ಟರ್ ಆ ಸೋದರನ ನಂತರ ಅದೇ ಪಾತ್ರೆಯಿಂದ ಕುಡಿಯಲಿ.

ಪ್ರಶ್ನೆ: ನಾನು ಕರಾವಳಿಯ ಒಂದು ಸಭೆಯ ಸಮಿತಿ ಸದಸ್ಯೆ. ಮದುವೆಯ ಪ್ರಕಟಣೆ ಓದುವ ಮುಂಚೆ ಹುಡುಗ ಹುಡುಗಿ ಇಬ್ಬರೂ ಎಚ್‌ಐವಿ ಸರ್ಟಿಫಿಕೇಟ್ ಕೊಡಬೇಕೆಂದು ನಿಯಮ ಮಾಡೋಣ ಎಂದು ಕೆಲವರು ಪಟ್ಟು ಹಿಡಿದಿದ್ದಾರೆ. ಹೆಣ್ಣುಮಕ್ಕಳ ರಕ್ಷಣೆಗೇ ಅಲ್ಲವೇ ಅನ್ನುತ್ತಾರೆ. ಸರಿಯೇ?

ಮೇಡಂ, ಕಾಳಜಿ ನಿಜವಾದದ್ದು, ನಿಯಮ ತಪ್ಪು. ನೈಜೀರಿಯಾ, ಘಾನಾದ ಎಷ್ಟೋ ಚರ್ಚುಗಳು ಇದೇ ದಾರಿ ಹಿಡಿದವು. ಚೀಟಿ ಪಾಸ್ಟರ್ ಕೈಗೆ ಬರುತ್ತದೆ, ಅಲ್ಲಿಂದ ಸಮಿತಿಗೆ. ಮದುವೆ ನಿಂತರೆ ಕಾರಣ ಏನೆಂದು ಊರೇ ಊಹಿಸುತ್ತದೆ. ಮೇಲಾಗಿ ಇತ್ತೀಚೆಗೆ ತಗುಲಿದ ಸೋಂಕು ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣಿಸದೇ ಹೋಗಬಹುದು, ಮದುವೆಯ ನಂತರದ ಬದುಕಿಗಂತೂ ಆ ಚೀಟಿ ಏನೂ ಭರವಸೆ ಕೊಡುವುದಿಲ್ಲ.

ಕಾನೂನು ಕೂಡ ಇದೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಆದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನಂಬಿ ಹೇಳಿದ ವಿಷಯವನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ, ಸೋಂಕಿತರ ವಿರುದ್ಧ ದ್ವೇಷ ಹರಡಿದರೆ ಜೈಲು ಶಿಕ್ಷೆಯೂ ಆಗಬಹುದು. ‘ಸರ್ಟಿಫಿಕೇಟ್ ಇಲ್ಲದಿದ್ದರೆ ಪ್ರಕಟಣೆ ಇಲ್ಲ’ ಎಂದು ಬೆದರಿಸಿ ಪಡೆದದ್ದು ಎಂಥ ಒಪ್ಪಿಗೆ, ನೀವೇ ಹೇಳಿ.

ಬದಲಿಗೆ ಮದುವೆಪೂರ್ವ ತರಗತಿ ಇದೆಯಲ್ಲ, ಹೆಚ್ಚಿನ ಕಡೆ ಅದು ಹಾಡು ಆರಿಸುವ ಸಭೆಯಾಗಿಬಿಟ್ಟಿದೆ. ಅಲ್ಲಿ ಒಂದು ಗಂಟೆ ಇದಕ್ಕೆ ಮೀಸಲಿಡಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಸಮಾಲೋಚನೆ ಮತ್ತು ಪರೀಕ್ಷೆಯ) ಕೇಂದ್ರದಲ್ಲಿ ಪರೀಕ್ಷೆ ಉಚಿತ, ಆಪ್ತ ಸಮಾಲೋಚಕರು ಇರುತ್ತಾರೆ, ಫಲಿತಾಂಶ ಆ ವ್ಯಕ್ತಿಗೆ ಮಾತ್ರ. ಇಬ್ಬರೂ ಒಟ್ಟಿಗೆ ಹೋಗಲಿ, ಚೀಟಿ ಅವರ ಜೇಬಿನಲ್ಲೇ ಇರಲಿ. ಒಬ್ಬರಿಗೆ ಸೋಂಕಿದ್ದರೂ ಮದುವೆ ಮುರಿಯಲೇಬೇಕೆಂದಿಲ್ಲ. ಎಆರ್‌ಟಿ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಂಭವ ನೂರಕ್ಕೆ 15ರಿಂದ 45. ಚಿಕಿತ್ಸೆಯಲ್ಲಿದ್ದರೆ 5ಕ್ಕಿಂತ ಕಡಿಮೆ. ಇದನ್ನು ಕೇಳಿದಾಗ ನಿಮ್ಮ ಸಮಿತಿಯ ಹಿರಿಯರ ಮುಖ ನೋಡಿ, ಅರ್ಧ ಜನಕ್ಕೆ ಇದು ಹೊಸ ಸುದ್ದಿಯಾಗಿರುತ್ತದೆ. ಆ ಸುದ್ದಿ ಪಾಸ್ಟರಿಗೂ ಹೊಸದಾಗಿದ್ದರೆ, ತಪ್ಪು ನಮ್ಮಂಥ ಕಾಲೇಜುಗಳದು.

ಪ್ರಶ್ನೆ: ನಾನು ದೈವಶಾಸ್ತ್ರ ವಿದ್ಯಾರ್ಥಿ. ಹುಟ್ಟಿನಿಂದಲೇ ಎಚ್‌ಐವಿ ಇದೆ, ಚಿಕ್ಕಂದಿನಿಂದ ಮಾತ್ರೆಯಲ್ಲಿದ್ದೇನೆ. ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ನನ್ನಂಥವನು ಸಭಾಪಾಲಕನಾಗಬಹುದೇ? ಹೇಳಿಕೊಳ್ಳಬೇಕೇ?

ಆಗಬಹುದು. ಉಗಾಂಡದ ಆಂಗ್ಲಿಕನ್ ಪಾದ್ರಿ ಗಿಡಿಯಾನ್ ಬ್ಯಾಮುಗಿಶಾ ತಮಗೆ ಸೋಂಕಿದೆ ಎಂದು 1992ರಲ್ಲೇ ಬಹಿರಂಗವಾಗಿ ಹೇಳಿದರು. ಆಫ್ರಿಕಾದಲ್ಲಿ ಹಾಗೆ ಹೇಳಿದ ಮೊದಲ ಪಾದ್ರಿ ಅವರು. ಹಿಂದಿನ ವರ್ಷವಷ್ಟೇ ಹೆಂಡತಿ ತೀರಿಕೊಂಡಿದ್ದರು, ಆಗ ಇವತ್ತಿನ ಮಾತ್ರೆಗಳೂ ಇರಲಿಲ್ಲ. ಅವರು ಪೀಠ ಬಿಡಲಿಲ್ಲ. ಸೋಂಕಿರುವ ಮತ್ತು ಸೋಂಕಿನಿಂದ ಬಾಧಿತರಾದ ಧರ್ಮನಾಯಕರ ಒಂದು ಜಾಲವನ್ನೇ ಸಂಗಡಿಗರೊಂದಿಗೆ ಕಟ್ಟಿದರು, 2009ರಲ್ಲಿ ಅವರಿಗೆ ಜಪಾನಿನ ನಿವಾನೊ ಶಾಂತಿ ಪ್ರಶಸ್ತಿ ಬಂತು. ಸಂಯಮ, ನಿಷ್ಠೆ, ಇಲ್ಲವೇ ಕಾಂಡೋಮ್ ಎಂಬ ಹಳೆಯ ಮೂರಕ್ಷರದ (ಇಂಗ್ಲಿಷಿನಲ್ಲಿ ಎ-ಬಿ-ಸಿ) ಪಾಠ ಆ ಜಾಲಕ್ಕೆ ಸಾಕೆನಿಸಲಿಲ್ಲ. ಆ ಪಾಠ ಸೋಂಕಿತರನ್ನು ಆ ಮೂರರಲ್ಲಿ ಫೇಲಾದವರಂತೆ ನೋಡುತ್ತದೆ. ಹುಟ್ಟಿನಿಂದಲೇ ಸೋಂಕಿರುವ ನೀವು ಯಾವುದರಲ್ಲಿ ಫೇಲಾದಿರಿ? ಹಾಗಾಗಿ ಸುರಕ್ಷಿತ ನಡವಳಿಕೆ, ಔಷಧಿ ಸಿಗುವಂತಾಗುವುದು, ಸ್ವಇಚ್ಛೆಯ ಪರೀಕ್ಷೆ, ತಿಳಿವಳಿಕೆಯಿಂದ ಬರುವ ಬಲ, ಈ ನಾಲ್ಕನ್ನು ಒಟ್ಟಿಗೆ ಹೇಳಿಕೊಡತೊಡಗಿದರು.

ಬ್ಯಾಮುಗಿಶಾ ಹೇಳಿಕೊಂಡರೆಂದು ನೀವೂ ಹೇಳಿಕೊಳ್ಳಬೇಕಿಲ್ಲ. ಅದು ನಿಮ್ಮ ಹಕ್ಕು, ಸಾಕ್ಷಿ ಹೇಳುವ ಉತ್ಸಾಹದಲ್ಲಿ ಯಾರಾದರೂ ಒತ್ತಾಯಿಸಿದರೆ ಬಗ್ಗಬೇಡಿ. ನೌಕರಿಗೆ ಎಚ್‌ಐವಿ ಪರೀಕ್ಷೆಯನ್ನು ಷರತ್ತು ಮಾಡುವುದನ್ನು ಕಾಯ್ದೆ ತಡೆಯುತ್ತದೆ. ಆದರೂ ಒಬ್ಬರಿಗಾದರೂ ಗೊತ್ತಿರಲಿ. ಹಾಸ್ಟೆಲಿನಲ್ಲಿ ರಾತ್ರಿ ಜ್ವರ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ತಿಳಿದ, ಬಾಯಿ ಬಿಗಿಯಿರುವ ಒಬ್ಬ ಗೆಳೆಯ ಅಥವಾ ಮೇಷ್ಟ್ರು. ಯಾರೂ ಸಿಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಉಚಿತ.

ಇನ್ನೊಂದು. ರಜೆಯಲ್ಲಿ ನಿಮ್ಮನ್ನು ಯಾವುದೋ ಹಳ್ಳಿ ಸಭೆಗೆ ತರಬೇತಿಗೆ ಹಾಕುತ್ತಾರೆ. ಊರು ಗೊತ್ತಾದ ದಿನವೇ ನಿಮ್ಮ ಎಆರ್‌ಟಿ ಕೇಂದ್ರಕ್ಕೆ ಹೋಗಿ, ಅಷ್ಟು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾರೆಯೇ ಅಥವಾ ಹತ್ತಿರದ ಕೇಂದ್ರಕ್ಕೆ ಬರೆದುಕೊಡುತ್ತಾರೆಯೇ ಕೇಳಿ.