ಮುಟ್ಟು ತಡವಾಗುತ್ತಿದೆ, ಕೆಲಸ ಬಿಡಬೇಕಾ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಮದುವೆಯಾಗಿ ಒಂದೂವರೆ ವರ್ಷವಾಯಿತು. ಮೊದಲು 29-30 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತಿತ್ತು. ನೈಟ್ ಶಿಫ್ಟ್ ಇರುವ ಕೆಲಸಕ್ಕೆ ಸೇರಿದ ಮೇಲೆ ಎಲ್ಲ ಏರುಪೇರು. ಕಳೆದ ಸಲ 43 ದಿನ ಆಯಿತು, ಈ ಸಲ ಇವತ್ತಿಗೆ 38 ದಿನ. ಕೆಟ್ಟ ರಕ್ತ ಒಳಗೇ ಉಳಿಯುತ್ತಿದೆ, ಮುಂದೆ ಮಗು ಆಗಲ್ಲ, ಕೆಲಸ ಬಿಡು ಅಂತ ಅಮ್ಮ ದಿನಾ ಹೇಳುತ್ತಾರೆ. ನನ್ನ ಗಂಡ ಮುಟ್ಟು ಬರಿಸುವ ಮಾತ್ರೆ ತಂದಿಟ್ಟಿದ್ದಾರೆ. ಸದ್ಯಕ್ಕೆ ಮಗು ಬೇಡ ಅಂತ ಸೇಫ್ ಡೇಸ್ ನೋಡಿಕೊಂಡು ಇದ್ದೇವೆ. ಈ ಕೆಲಸ ನನಗೆ ತುಂಬ ಇಷ್ಟ. ಏನು ಮಾಡಲಿ?

ಉತ್ತರ: ಕೆಲಸದ ಮಾತು ಆಮೇಲೆ. ಮೊದಲು ಆ ಮಾತ್ರೆ ಪಕ್ಕಕ್ಕಿಡಿ, ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ನೆಗೆಟಿವ್ ಬಂದರೂ ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕು. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಕೆಟ್ಟ ರಕ್ತ ಅಂತ ಒಂದಿಲ್ಲ. ಮುಟ್ಟಿನಲ್ಲಿ ಹೋಗುವುದು ಮೈಯಲ್ಲಿ ಓಡಾಡುವ ಅದೇ ರಕ್ತ, ಜೊತೆಗೆ ಗರ್ಭಕೋಶದ ಒಳಪದರದ ಚೂರುಗಳು. ತಡವಾಯಿತು ಅಂದರೆ ಅದು ಎಲ್ಲೋ ಕಟ್ಟಿಕೊಂಡು ನಿಂತಿದೆ ಅಂತಲ್ಲ. ಗರ್ಭ ನಿಂತಿಲ್ಲ ಅಂತಾದರೆ, ಹೆಚ್ಚಿನ ಸಲ ಆ ತಿಂಗಳು ಅಂಡಾಣು ತಡವಾಗಿ ಬಿಡುಗಡೆಯಾಗಿದೆ, ಇಲ್ಲವೇ ಆಗಿಯೇ ಇಲ್ಲ ಅಂತ.

ಇದನ್ನು ನಡೆಸುವುದು ಮಿದುಳು. ಹೈಪೋಥಲಾಮಸ್ ಅನ್ನುವ ಭಾಗ ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ ಒಂದಿಷ್ಟು ಹಾರ್ಮೋನು ಬಿಡುತ್ತದೆ. ಅದರ ಕೆಳಗಿರುವ, ಬಟಾಣಿ ಕಾಳಿನಷ್ಟು ಪುಟ್ಟ ಪಿಟ್ಯುಟರಿ ಗ್ರಂಥಿ ಅದಕ್ಕೆ ಎಚ್ಚೆತ್ತು ಎಫ್‌ಎಸ್‌ಎಚ್, ಎಲ್‌ಎಚ್ ಅನ್ನುವ ಎರಡು ಹಾರ್ಮೋನನ್ನು ರಕ್ತಕ್ಕೆ ಸೇರಿಸುತ್ತದೆ. ಎಫ್‌ಎಸ್‌ಎಚ್‌ನಿಂದ ಅಂಡಾಶಯದಲ್ಲಿ ಕೆಲವು ಕೋಶಿಕೆಗಳು, ಅಂದರೆ ಒಳಗೆ ಅಂಡಾಣು ಇರುವ ಪುಟ್ಟ ಚೀಲಗಳು, ಬೆಳೆಯತೊಡಗುತ್ತವೆ, ಸಾಮಾನ್ಯವಾಗಿ ಅದರಲ್ಲಿ ಒಂದು ಮಾತ್ರ ಮುಂದೆ ಹೋಗುತ್ತದೆ. ಅದು ಬೆಳೆದಂತೆಲ್ಲ ಈಸ್ಟ್ರೋಜನ್ ಜಾಸ್ತಿಯಾಗುತ್ತದೆ, ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಈಸ್ಟ್ರೋಜನ್ ಮೇಲೇರಿ ಸುಮಾರು ಎರಡು ದಿನ ಅಲ್ಲೇ ನಿಂತರೆ ಸಾಕು, ಪಿಟ್ಯುಟರಿ ಎಲ್‌ಎಚ್ ಅನ್ನು ಒಮ್ಮೆಲೇ ಸುರಿಯುತ್ತದೆ. ಆ ಏರಿಕೆ ಶುರುವಾದ ಸುಮಾರು 36 ಗಂಟೆಗೆ ಅಂಡಾಣು ಹೊರಬರುತ್ತದೆ.

ಅಂಡಾಣು ಬಿಟ್ಟುಹೋದ ಕೋಶಿಕೆ ಸುಮ್ನೆ ಕೂರುವುದಿಲ್ಲ. ಅದೇ ಒಂದು ಪುಟ್ಟ ಹಳದಿ ಗ್ರಂಥಿಯಾಗಿ ಪ್ರೊಜೆಸ್ಟರಾನ್ ತಯಾರಿಸುತ್ತದೆ, ಒಳಪದರವನ್ನು ಕಾಪಾಡಿಕೊಳ್ಳುತ್ತದೆ. ಗರ್ಭ ನಿಲ್ಲದಿದ್ದರೆ ಅದರ ಆಯಸ್ಸು ಸುಮಾರು ಎರಡು ವಾರ ಅಷ್ಟೇ. ಅದು ಬಾಡುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಪದರ ಕಳಚಿಕೊಳ್ಳುತ್ತದೆ. ಅದೇ ಮುಟ್ಟು.

ಈ ಕೊನೆಯ ಎರಡು ವಾರ ತಿಂಗಳಿಂದ ತಿಂಗಳಿಗೆ ಅಷ್ಟಾಗಿ ಬದಲಾಗುವುದಿಲ್ಲ. ಹಿಗ್ಗುವುದು ಮೊದಲಿನ ಭಾಗ. ನಿಮ್ಮ 43 ದಿನದ ತಿಂಗಳಲ್ಲಿ ಅಂಡಾಣು ಹೊರಬಂದಿದ್ದರೆ ಅದು ಹೆಚ್ಚುಕಡಿಮೆ 29ನೇ ದಿನ, 14ನೇ ದಿನ ಅಲ್ಲ. ಅಂದರೆ ನೀವಿಬ್ಬರೂ ಸೇಫ್ ಅಂದುಕೊಂಡ ದಿನಗಳೇ ಸೇಫ್ ಆಗಿರಲಿಲ್ಲ! ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊಬೈಲಿನ ಆ್ಯಪ್ ಹಳೆಯ ತಿಂಗಳುಗಳ ಲೆಕ್ಕ ಹಾಕಿ ಹೇಳುತ್ತದೆ, ನಿಮ್ಮ ಅಂಡಾಶಯದಲ್ಲಿ ಈಗ ಏನಾಗುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮಗು ಬೇಡ ಅಂತಿದ್ದರೆ ಇವತ್ತಿನಿಂದಲೇ ಕಾಂಡೋಮ್ ಬಳಸಿ, ಬೇರೆ ದಾರಿಗಳ ಬಗ್ಗೆ ಡಾಕ್ಟರ ಹತ್ತಿರ ಕೇಳಿ. ಟೆಸ್ಟ್ ಎರಡು ಸಲ ಮಾಡಿ ಅಂದದ್ದೂ ಇದಕ್ಕೇ, ಅಂಡಾಣು ತಡವಾಗಿ ಬಂದಿದ್ದರೆ ಈಗಿನ ಟೆಸ್ಟ್ ತೀರಾ ಬೇಗ ಆಗಿರಬಹುದು.

ಇನ್ನು ಆ ಮಾತ್ರೆ. ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಪ್ರೊಜೆಸ್ಟರಾನ್ ತರಹದ್ದೇ ಹಾರ್ಮೋನು. ಕೆಲವು ದಿನ ನುಂಗಿ ನಿಲ್ಲಿಸಿದರೆ ಅದರ ಮಟ್ಟ ಇಳಿದು ರಕ್ತ ಹೋಗುತ್ತದೆ. ಆದರೆ ರಕ್ತ ಬಂತು ಅಂದ ಮಾತ್ರಕ್ಕೆ ಅಂಡಾಣು ಬಿಡುಗಡೆಯಾಯಿತು ಅಂತ ಅರ್ಥವಲ್ಲ, ತಡವಾದದ್ದು ಯಾಕೆ ಅಂತಲೂ ಗೊತ್ತಾಗಲ್ಲ. ಬೇಕಾದಾಗ ಡಾಕ್ಟರೇ ಇದನ್ನು ಕೊಡುತ್ತಾರೆ, ಯಾಕೆಂದರೆ ತಿಂಗಳುಗಟ್ಟಲೆ ಅಂಡಾಣು ಬರದೆ, ಪ್ರೊಜೆಸ್ಟರಾನ್ ಇಲ್ಲದೆ ಈಸ್ಟ್ರೋಜನ್ ಒಂದೇ ಇದ್ದರೆ ಒಳಪದರ ಬೇಡದಷ್ಟು ದಪ್ಪವಾಗುತ್ತದೆ. ಗಂಡ ನಿಮ್ಮ ಮೇಲಿನ ಕಾಳಜಿಗೇ ತಂದಿರಬಹುದು, ಆದರೂ ತಾವಾಗಿ ತಂದು ನುಂಗಿಸುವುದು ಬೇಡ.

ನೈಟ್ ಶಿಫ್ಟಿನಿಂದಲೇ ಹೀಗಾಯಿತಾ? ಇರಬಹುದು. ನಿದ್ದೆಗೆಡುವುದು, ಊಟ ತಪ್ಪುವುದು, ತೂಕ ದಿಢೀರನೆ ಇಳಿಯುವುದು, ಮನಸ್ಸಿಗೆ ಒತ್ತಡ, ಇವೆಲ್ಲ ಹೈಪೋಥಲಾಮಸ್‌ನ ಆ ತಾಳವನ್ನು ನಿಧಾನ ಮಾಡಬಲ್ಲವು. ಪಾಳಿ ಬದಲಾಗುವ ಕೆಲಸದಲ್ಲಿ ಇರುವ ಹೆಂಗಸರಲ್ಲಿ ಮುಟ್ಟು ಏರುಪೇರಾಗುವುದು ಜಾಸ್ತಿ ಅನ್ನುವುದೂ ನಿಜ. ಆದರೆ ಥೈರಾಯ್ಡ್ ತೊಂದರೆ, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಾಗುವುದು, ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇವುಗಳಿಂದಲೂ ಹೀಗೇ ಆಗುತ್ತದೆ. ಕಾರಣ ಥೈರಾಯ್ಡ್ ಆಗಿದ್ದು ನೀವು ಇಷ್ಟದ ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಏನು ಬಂತು? ಅದಕ್ಕೇ ಪರೀಕ್ಷೆ ಮಾಡಿಸದೆ ರಾಜೀನಾಮೆ ಬರೆಯಬೇಡಿ ಅನ್ನುತ್ತೇನೆ.

ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಮುಟ್ಟು ಶುರುವಾದ ತಾರೀಕುಗಳನ್ನು ಬರೆದುಕೊಂಡು ಹೋಗಿ. ಕೆಲಸ ಶುರುವಾದದ್ದು ಯಾವಾಗ, ಗಲ್ಲದ ಮೇಲೆ ಕೂದಲು, ಮೊಡವೆ ಹೆಚ್ಚಾಗಿದೆಯಾ, ಮೊಲೆತೊಟ್ಟಿನಿಂದ ಹಾಲಿನಂಥದ್ದು ಬರುತ್ತದಾ, ಎಲ್ಲ ಹೇಳಿ. ರಕ್ತ ಪರೀಕ್ಷೆ, ಬೇಕಾದರೆ ಒಂದು ಸ್ಕ್ಯಾನ್ ಬರೆದುಕೊಡುತ್ತಾರೆ. ಮೂರು ತಿಂಗಳು ಮುಟ್ಟೇ ಬರದಿದ್ದರೆ, ಅಥವಾ ಬಂದಾಗ ಗಂಟೆಗೊಂದರಂತೆ ಪ್ಯಾಡ್ ಪೂರ್ತಿ ತೊಯ್ದುಹೋದರೆ ಕಾಯುತ್ತಾ ಕೂರಬೇಡಿ. ಟೆಸ್ಟ್ ಪಾಸಿಟಿವ್ ಬಂದು ಕಿಬ್ಬೊಟ್ಟೆಯ ಒಂದು ಕಡೆ ಜೋರು ನೋವಿದ್ದರೆ ಆಗಲೇ ಆಸ್ಪತ್ರೆಗೆ ಹೊರಡಿ.

ಎಲ್ಲ ಪರೀಕ್ಷೆ ಸರಿಯಾಗಿ ಬಂದು, ಶಿಫ್ಟೇ ಕಾರಣ ಅಂತ ಡಾಕ್ಟರ್ ಹೇಳಿದರೂ ಕೆಲಸ ಬಿಡುವುದು ಕೊನೆಯ ಮಾತು. ಪಾಳಿ ಪದೇಪದೇ ಬದಲಿಸದೆ ಒಂದೇ ಸಮಯ ಕೊಡುತ್ತಾರಾ, ಕೆಲವು ತಿಂಗಳು ಹಗಲು ಪಾಳಿ ಸಿಗುತ್ತದಾ ಅಂತ ಮೊದಲು ಕೇಳಿ. ಅಮ್ಮನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮಗು ಆಗಲ್ಲ ಅನ್ನುವ ಅವರ ಭಯವನ್ನು ಅಲ್ಲೇ ಕೇಳಲಿ. ತಡವಾಗಿ ಬಂದರೂ ಅಂಡಾಣು ಬರುತ್ತಿದ್ದರೆ ಗರ್ಭ ನಿಲ್ಲಬಹುದು, ಬರದಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ನಾನು ಹೇಳಿದ್ದಕ್ಕಿಂತ ಡಾಕ್ಟರ್ ಎದುರಿಗೆ ಕೂತು ಹೇಳಿದರೆ ಅವರಿಗೆ ಸಮಾಧಾನ ಆಗುತ್ತದೆ, ಅಲ್ವಾ?