ಮೀಟಿಯರ್ 350 ಕೊಟ್ಟು ಹಿಮಾಲಯನ್ 450 ತೆಗೆದುಕೊಳ್ಳುವುದು ಸರಿಯೇ?

ನಿಮ್ಮ ಪ್ರಶ್ನೆಯ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನೀವು ಶಿರಾದವರು, ಕೆಲಸಕ್ಕಾಗಿ ದಿನವೂ ತುಮಕೂರಿಗೆ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬೈಕಿನಲ್ಲಿ ಓಡಾಡುತ್ತೀರಿ, ವರ್ಷದಲ್ಲಿ ಕೆಲವು ಸಲ ಪತ್ನಿಯವರನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿಬರುತ್ತೀರಿ. ಅರಸೀಕೆರೆ ದಾಟುವಷ್ಟರಲ್ಲಿ ಸೊಂಟ ಹಿಡಿಯುತ್ತದೆ, ಡಬಲ್ಸ್‌ನಲ್ಲಿ ಬಸ್ಸು ಹಿಂದಿಕ್ಕಲು ಗಾಡಿ ಎಳೆಯುವುದಿಲ್ಲ, ಮುಂದಿನ ವರ್ಷ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗುವ ಆಸೆಯೂ ಇದೆ; ಆದ್ದರಿಂದ ಇದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಅದೇ ಕಂಪನಿಯ ಹಿಮಾಲಯನ್ 450 ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ನಾನು ತುಮಕೂರಿನವನು. ಮೀಟಿಯರ್ ಓಡಿಸುತ್ತಿದ್ದವನು ಈಗ 450 ಇಟ್ಟುಕೊಂಡಿದ್ದೇನೆ, ಹಳೆಯ ಮೀಟಿಯರ್ ನನ್ನ ತಮ್ಮನ ಮನೆಯಲ್ಲಿದೆ, ಆಗಾಗ ಅದನ್ನೂ ಓಡಿಸುತ್ತೇನೆ. ನೀವು ಬರೆದಿರುವ ಪರಿಸ್ಥಿತಿಯಲ್ಲಿ ನನ್ನ ಅಭಿಪ್ರಾಯ, ಸದ್ಯಕ್ಕೆ ಬದಲಾಯಿಸಬೇಡಿ ಎಂದೇ. ಆದರೆ ನಿಮ್ಮ ಕಾರಣಗಳಲ್ಲಿ ಒಂದು ನಿಜವಾಗಿಯೂ ಗಟ್ಟಿಯಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ.

ಸೊಂಟದ ವಿಷಯದಿಂದ ಆರಂಭಿಸುತ್ತೇನೆ. ಮೀಟಿಯರ್‌ನ ಸೀಟು ನೆಲದಿಂದ 765 ಮಿಲಿಮೀಟರ್ ಎತ್ತರದಲ್ಲಿದೆ, ಫುಟ್‌ರೆಸ್ಟ್‌ಗಳು ಮುಂದಕ್ಕಿವೆ. ಪಾದ ಸೊಂಟಕ್ಕಿಂತ ಮುಂದೆ ಚಾಚಿಕೊಂಡಿರುವಾಗ ಕಾಲುಗಳು ದೇಹದ ಭಾರವನ್ನು ಹೊರುವುದಿಲ್ಲ. ಅದೆಲ್ಲವೂ ಬೆನ್ನುಮೂಳೆಯ ಬುಡದ ಮೇಲೆ ಕೂರುತ್ತದೆ. ಹಂಪ್ ಅಥವಾ ಗುಂಡಿ ಎದುರಾದಾಗ ಫುಟ್‌ರೆಸ್ಟ್ ಮೆಟ್ಟಿ ಅರ್ಧ ಎದ್ದು ಏಟು ತಪ್ಪಿಸಿಕೊಳ್ಳಲು ಮೀಟಿಯರ್‌ನಂಥ ಕ್ರೂಸರ್‌ನಲ್ಲಿ ಸಾಧ್ಯವಾಗುವುದಿಲ್ಲ, ಏಕೆಂದರೆ ಏಳಬೇಕಾದರೆ ಹ್ಯಾಂಡಲ್ ಹಿಡಿದು ಮೈಯನ್ನು ಮುಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಹಿಮಾಲಯನ್‌ನಲ್ಲಿ ಪಾದಗಳು ಬಹುಮಟ್ಟಿಗೆ ದೇಹದ ಕೆಳಗೇ ಇರುತ್ತವೆ, ಮುಂದಿನ ಸಸ್ಪೆನ್ಷನ್ 200 ಮಿಲಿಮೀಟರ್ ಕುಗ್ಗಬಲ್ಲದು. ಮೀಟಿಯರ್‌ನಲ್ಲಿ ಅದು 130. ಬಾಣಾವರ, ಜಾವಗಲ್, ಹಳೇಬೀಡು ಕಡೆಯ ರಸ್ತೆಯಲ್ಲಿ ಊರೂರಿಗೂ ಸಿಗುವ ಬಣ್ಣ ಹೊಡೆಯದ ಹಂಪ್‌ಗಳ ಮೇಲೆ ಈ ವ್ಯತ್ಯಾಸ ಮೈಗೆ ಚೆನ್ನಾಗಿ ಗೊತ್ತಾಗುತ್ತದೆ.

ಹಾಗಿದ್ದರೂ ಬೈಕು ಬದಲಾಯಿಸುವ ಮುನ್ನ ಒಂದು ಕೆಲಸ ಮಾಡಿ ನೋಡಿ. ಮೀಟಿಯರ್‌ನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ಸ್ಪ್ರಿಂಗ್ ಬಿಗಿತವನ್ನು ಆರು ಹಂತಗಳಲ್ಲಿ ಹೊಂದಿಸಬಹುದು. ಷೋರೂಮಿನಿಂದ ಬಂದ ದಿನ ಯಾವ ಹಂತದಲ್ಲಿತ್ತೋ ಅದರಲ್ಲೇ ವರ್ಷಗಟ್ಟಲೆ ಓಡಿಸುವವರೇ ಹೆಚ್ಚು. ಒಬ್ಬರೇ ಹೋಗುವಾಗ ಹೊಂದುವ ಬಿಗಿತ, ಇಬ್ಬರು ಕೂತು ಎರಡು ಬ್ಯಾಗ್ ಕಟ್ಟಿದಾಗ ಸಾಲುವುದಿಲ್ಲ. ಸ್ಪ್ರಿಂಗ್ ಆಗಲೇ ಅರ್ಧ ಕುಗ್ಗಿರುವುದರಿಂದ ಗುಂಡಿ ಬಂದಾಗ ಕುಗ್ಗಲು ಜಾಗವೇ ಉಳಿದಿರುವುದಿಲ್ಲ, ಏಟು ನೇರವಾಗಿ ಸೊಂಟಕ್ಕೆ ಬಡಿಯುತ್ತದೆ. ಡಬಲ್ಸ್ ಹೊರಡುವ ಹಿಂದಿನ ಸಂಜೆ ಎರಡೂ ಕಡೆ ಸಮನಾಗಿ ಎರಡು ಮೂರು ಹಂತ ಬಿಗಿ ಮಾಡಿ, ವಾಪಸು ಬಂದ ಮೇಲೆ ಸಡಿಲಿಸಿ. ಇದರ ಜೊತೆಗೆ ಸೀಟಿನ ಸ್ಪಂಜನ್ನು ಒಳ್ಳೆಯ ಸೀಟ್ ಕೆಲಸದವರಿಂದ ಗಟ್ಟಿ ಫೋಮ್ ಹಾಕಿಸಿ ಹೊಲಿಸಿ, ಮುಕ್ಕಾಲು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದರೆ, ನಿಮ್ಮ ದೂರಿನ ದೊಡ್ಡ ಪಾಲು ಕೆಲವೇ ಸಾವಿರ ರೂಪಾಯಿಯಲ್ಲಿ ಮುಗಿದೀತು. ಸಮತಟ್ಟಾದ ಹೆದ್ದಾರಿಯಲ್ಲೂ, ಇಷ್ಟೆಲ್ಲ ಮಾಡಿದ ಮೇಲೂ ನೋವು ಬಂದರೆ, ಆಗ ಕಾರಣ ಕೂರುವ ಭಂಗಿಯೇ. ಅದಕ್ಕೆ ಬೇರೆ ಬೈಕಲ್ಲದೆ ಮದ್ದಿಲ್ಲ.

ಗಟ್ಟಿಯಾದ ಕಾರಣವೆಂದು ನಾನು ಹೇಳಿದ್ದು ಬಸ್ಸು ಹಿಂದಿಕ್ಕುವ ವಿಷಯ. ಮೀಟಿಯರ್‌ನ ಎಂಜಿನ್ ಸುಮಾರು 20 ಅಶ್ವಶಕ್ತಿಯದು, ಗೇರು ಐದು. ಹಿಮಾಲಯನ್ 450ರದು 40, ಗೇರು ಆರು. ತೂಕದಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ, 191 ಮತ್ತು 196 ಕಿಲೋ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 80 ಕಿಲೋಮೀಟರ್ ದಾಟಿದ ಮೇಲೆ 350ರಲ್ಲಿ ಉಳಿಯುವ ಶಕ್ತಿ ಬಹಳ ಕಡಿಮೆ. ಎರಡು ಪಥದ ರಸ್ತೆಯಲ್ಲಿ, ಇಬ್ಬರ ಭಾರ ಹೊತ್ತು, ಎದುರಿನಿಂದ ಲಾರಿ ಬರುವುದರೊಳಗೆ ಬಸ್ಸನ್ನು ದಾಟಬೇಕಾದಾಗ ಈ ಕೊರತೆ ಸುರಕ್ಷತೆಯ ಪ್ರಶ್ನೆಯೇ ಆಗುತ್ತದೆ. ಆದರೆ ನಿಮ್ಮ ದಿನನಿತ್ಯದ ಓಡಾಟ ರಾಷ್ಟ್ರೀಯ ಹೆದ್ದಾರಿ 48ರಲ್ಲಿ. ಅಲ್ಲಿ ಎದುರು ವಾಹನದ ಭಯವಿಲ್ಲ, ಎಡ ಪಥದಲ್ಲಿ 75ರಲ್ಲಿ ಹೋಗುವವನಿಗೆ ಮೀಟಿಯರ್‌ಗಿಂತ ನೆಮ್ಮದಿಯ ಗಾಡಿ ಕಡಿಮೆ. ಪೆಟ್ರೋಲ್ ಲೆಕ್ಕವೂ ಇದೆ: ನನ್ನ ಕೈಯಲ್ಲಿ ಮೀಟಿಯರ್ ಲೀಟರಿಗೆ 35ರ ಆಸುಪಾಸು ಕೊಡುತ್ತಿತ್ತು, 450 ಅಷ್ಟು ಕೊಡುವುದಿಲ್ಲ. ಪೇಟೆಯ ಬಿ.ಎಚ್. ರಸ್ತೆಯಲ್ಲಿ ಸಂಜೆ ಸಿಕ್ಕಿಕೊಂಡರೆ ರೇಡಿಯೇಟರ್ ಫ್ಯಾನ್ ತಿರುಗಿ ಬಿಸಿಗಾಳಿ ಮೊಣಕಾಲಿಗೆ ಹೊಡೆಯುತ್ತದೆ, ಪದೇ ಪದೇ ಗೇರು ಬದಲಾಯಿಸಬೇಕಾಗುತ್ತದೆ. 350ರ ಎಂಜಿನ್ ಅಲ್ಲಿ ಮೂರನೆಯ ಗೇರಿನಲ್ಲೇ ಸಮಾಧಾನವಾಗಿ ತೆವಳುತ್ತದೆ.

ಇನ್ನು ನಿಮ್ಮ ಪತ್ನಿಯವರ ವಿಷಯ. ಅವರಿಗೆ ಮಂಡಿ ನೋವು ಶುರುವಾಗಿದೆ ಎಂಬುದನ್ನು ಪ್ರಶ್ನೆಯ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಲೆಕ್ಕದಲ್ಲಿ ಅದು ಮೊದಲ ಸಾಲಾಗಬೇಕಿತ್ತು. ಹಿಮಾಲಯನ್ 450ರಲ್ಲಿ ಸವಾರನ ಸೀಟೇ 825 ಮಿಲಿಮೀಟರ್ ಎತ್ತರ, ಹಿಂದಿನ ಸೀಟು ಅದಕ್ಕಿಂತ ಮೇಲೆ. ಹಿಂದೆ ಕೂರುವವರು ಫುಟ್‌ರೆಸ್ಟ್ ಮೇಲೆ ಒಂದು ಕಾಲಿಟ್ಟು, ನಿಮ್ಮ ಭುಜ ಹಿಡಿದು, ಇನ್ನೊಂದು ಕಾಲನ್ನು ಎತ್ತಿ ಆಚೆಗೆ ದಾಟಿಸಬೇಕು. ಪಕ್ಕಕ್ಕೆ ಪೆಟ್ಟಿಗೆಗಳನ್ನು ಕಟ್ಟಿದ್ದರೆ ಕಾಲನ್ನು ಇನ್ನೂ ಮೇಲೆ ಎತ್ತಬೇಕು. ಅದೇ ಕ್ಷಣದಲ್ಲಿ ಅವರ ಪೂರ್ತಿ ಭಾರ ಒಂದೇ ಪಕ್ಕಕ್ಕೆ ಬೀಳುತ್ತದೆ. ನಿಮ್ಮ ಎತ್ತರ ಐದು ಅಡಿ ಐದು ಇಂಚು ಎಂದಿದ್ದೀರಿ. ಮೀಟಿಯರ್‌ನಲ್ಲಿ ನಿಮ್ಮ ಎರಡೂ ಪಾದಗಳು ಪೂರ್ತಿ ನೆಲಕ್ಕೆ ತಾಗುತ್ತವೆ, ಆದ್ದರಿಂದ ಆ ಭಾರವನ್ನು ಗಮನಿಸಿಯೂ ಇರಲಾರಿರಿ; 450ರಲ್ಲಿ ತುದಿಗಾಲಿನಲ್ಲಿ ನಿಂತು ಅದನ್ನು ಹಿಡಿಯಬೇಕು. ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಜಲ್ಲಿಕಲ್ಲಿನ ಇಳಿಜಾರಿನಲ್ಲಿ ನಿಲ್ಲಿಸಿದ ಬೈಕನ್ನು ಮತ್ತೆ ಹತ್ತುವಾಗ ಇದು ಸಣ್ಣ ಸಂಗತಿಯಲ್ಲ. ಮದುವೆ ಮುಂಜಿಗೆ ಸೀರೆಯುಟ್ಟು ಒಂದೇ ಪಕ್ಕಕ್ಕೆ ಕೂರುವುದಂತೂ ಆ ಎತ್ತರದಲ್ಲಿ ಬಹಳ ಕಷ್ಟ. ಹತ್ತಿ ಕೂತ ಮೇಲೆ ಪ್ರಯಾಣ ಮೀಟಿಯರ್‌ಗಿಂತ ಸುಖವಾಗಿರುತ್ತದೆ ಎಂಬುದು ನಿಜ, ನನ್ನ ಮನೆಯವರೂ ಅದನ್ನೇ ಹೇಳುತ್ತಾರೆ. ಆದರೆ ಅವರಿಗೆ ಮಂಡಿ ನೋವಿಲ್ಲ.

ಸ್ಪಿತಿಗಾಗಿ ಬೈಕು ಬದಲಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಮನಾಲಿಯಲ್ಲಿ ಹಿಮಾಲಯನ್ ಬಾಡಿಗೆಗೆ ಸಿಗುತ್ತದೆ. ಇಲ್ಲಿಂದ ರೈಲಿನಲ್ಲೋ ವಿಮಾನದಲ್ಲೋ ಹೋಗಿ ಅಲ್ಲಿ ಓಡಿಸಿ ಬನ್ನಿ.

ದುಡ್ಡಿನ ಲೆಕ್ಕ ಈಗ ಮೊದಲಿಗಿಂತ ಕೆಟ್ಟದಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್‌ಗಳಿಗೆ ಸೆಸ್ ಸೇರಿ ಶೇ 31 ಇದ್ದದ್ದು 40 ಆಯಿತು. ಮೀಟಿಯರ್ 349 ಸಿಸಿ, ಹಿಮಾಲಯನ್ 452. ನೀವು ಗೆರೆಯ ಈಚೆಯಿಂದ ಆಚೆಗೆ ದಾಟುತ್ತಿದ್ದೀರಿ. ಹೊಸ ಮೀಟಿಯರ್ ಅಗ್ಗವಾದಾಗ ನಿಮ್ಮ ಹಳೆಯದಕ್ಕೆ ಯಾರೂ ಮೊದಲಿನ ಬೆಲೆ ಕೊಡುವುದಿಲ್ಲ, ಕೊಳ್ಳಬೇಕಾದದ್ದು ಮಾತ್ರ ತುಟ್ಟಿಯಾಗಿದೆ. ಇದರ ಮೇಲೆ ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಶೇ 18ರ ಜೀವಾವಧಿ ತೆರಿಗೆ ಇದೆ. ಆದ್ದರಿಂದ ಷೋರೂಮಿನಲ್ಲಿ ಎಕ್ಸ್‌ಚೇಂಜ್ ಬೋನಸ್ ಎಷ್ಟು ಎಂದು ಕೇಳುವುದಕ್ಕಿಂತ, ಹಳೆಯದು ಹೋಗಿ ಕೈಯಿಂದ ಒಟ್ಟು ಎಷ್ಟು ಹೋಗುತ್ತದೆ ಎಂಬ ಒಂದೇ ಅಂಕಿಯನ್ನು ಬರೆಸಿಕೊಳ್ಳಿ.

ಇಷ್ಟಾದರೂ ಮನಸ್ಸು 450ರ ಕಡೆಗೇ ಇದ್ದರೆ, ಷೋರೂಮಿನವರು ಕೊಡುವ ಹತ್ತು ನಿಮಿಷದ ಟೆಸ್ಟ್ ರೈಡ್ ನಂಬಿ ತೀರ್ಮಾನಿಸಬೇಡಿ. ಬೆಂಗಳೂರಿನಿಂದ ಎರಡು ದಿನಕ್ಕೆ ಒಂದನ್ನು ಬಾಡಿಗೆಗೆ ತಂದು, ಪತ್ನಿಯವರನ್ನು ಕೂರಿಸಿಕೊಂಡು, ಯಾವಾಗಲೂ ಕಟ್ಟುವ ಸಾಮಾನನ್ನೇ ಕಟ್ಟಿ, ಮಳೆಗಾಲ ಬಿಟ್ಟು ಚಾರ್ಮಾಡಿ ದಾರಿಯಲ್ಲೇ ಹೋಗಿಬನ್ನಿ. ಇಳಿದ ಮೇಲೆ ಅವರು ಏನು ಹೇಳುತ್ತಾರೋ ಅದಕ್ಕೆ ನಿಮ್ಮ ಅಭಿಪ್ರಾಯಕ್ಕಿಂತ ಹೆಚ್ಚು ಬೆಲೆ ಕೊಡಿ. ಅವರು ಒಪ್ಪಿದರೆ ಧಾರಾಳವಾಗಿ ತೆಗೆದುಕೊಳ್ಳಿ. ಆಗ ಬಸ್ಸು ದಾಟುವ ಕಾರಣವೊಂದೇ ಸಾಕು. ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಚಕ್ರ ಗಮನಿಸಿ: ಮೊದಲು ಬಂದ 450ಗಳಲ್ಲಿ ಟ್ಯೂಬ್ ಇರುವ ಟೈರುಗಳಿದ್ದವು, ಟ್ಯೂಬ್‌ಲೆಸ್ ಸ್ಪೋಕ್ ಚಕ್ರಗಳು ನಂತರ ಬಂದವು. ಮೀಟಿಯರ್‌ನ ಟ್ಯೂಬ್‌ಲೆಸ್‌ಗೆ ಒಗ್ಗಿಹೋದವರಿಗೆ ಹಿರಿಯೂರಿನ ಹತ್ತಿರ ನಡುಮಧ್ಯಾಹ್ನ ಪಂಕ್ಚರ್ ಆದಾಗ ಈ ವ್ಯತ್ಯಾಸ ತಿಳಿಯುತ್ತದೆ.

ಹಳೆಯದನ್ನು ಕೊಡುವಾಗ ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರವನ್ನು ತಪ್ಪದೆ ಪಡೆಯಿರಿ. ಆ ಬೋನಸ್ ಬೈಕಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಹೊಸ ಬೈಕಿನ ಸ್ವಂತ ಹಾನಿ ಭಾಗದ ಪ್ರೀಮಿಯಂನಲ್ಲಿ ಶೇ 50ರಷ್ಟು ಉಳಿಯುತ್ತದೆ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿಕೊಟ್ಟು ಮರೆತುಬಿಡಬೇಡಿ. ಆರ್‌ಸಿ ಹೊಸಬರ ಹೆಸರಿಗೆ ಬದಲಾಗುವವರೆಗೂ ಆ ಗಾಡಿಯ ಮೇಲೆ ಬೀಳುವ ದಂಡದ ನೋಟಿಸುಗಳು ನಿಮ್ಮ ಮೊಬೈಲಿಗೇ ಬರುತ್ತಿರುತ್ತವೆ.