ದಾವಣಗೆರೆಯಲ್ಲಿ ಟೆಂಪೋ ಟ್ರಾವೆಲರನ್ನು ಮನೆ-ಗಾಡಿ ಮಾಡುತ್ತಿದ್ದೇವೆ. ಒಳಗಿನ ಫ್ಯಾನ್, ಫ್ರಿಜ್‌ಗೆ ಯಾವ ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರುತ್ತದೆ?

ಲಾರಿ, ಟ್ರ್ಯಾಕ್ಟರ್ ಬ್ಯಾಟರಿ ಬೇಡ. ಅದರ ಪ್ಲೇಟು ತೆಳು. ಸೆಲ್ಫ್ ಹೊಡೆಯುವ ಕ್ಷಣಕ್ಕೆ ನೂರಾರು ಆಂಪಿಯರ್ ಕೊಡುತ್ತದೆ ನಿಜ, ಆದರೆ ರಾತ್ರಿಯಿಡೀ ಫ್ಯಾನ್ ತಿರುಗಿಸಿದರೆ ಬೇಗ ಕೂತುಬಿಡುತ್ತದೆ. ಮನೆ ಇನ್ವರ್ಟರಿನ ಎತ್ತರದ ಟ್ಯೂಬ್ಯುಲರ್ (ಪ್ಲೇಟಿನ ಬದಲು ಕೊಳವೆಗಳಲ್ಲಿ ಸೀಸದ ಪುಡಿ ತುಂಬಿದ ಬ್ಯಾಟರಿ) ಒಂದೆಡೆ ನಿಂತಿರಲೆಂದೇ ಮಾಡಿದ್ದು. ಇ-ರಿಕ್ಷಾ ಟ್ಯೂಬ್ಯುಲರ್ ಕೇಳಿ; ದಿನಾ ಖಾಲಿಯಾಗುವುದನ್ನೂ ರಸ್ತೆಯ ಕುಲುಕಾಟವನ್ನೂ ತಾಳುತ್ತದೆ.

ಲೆಕ್ಕ ಹೀಗೆ: 25 ವ್ಯಾಟ್ ಫ್ಯಾನ್ 8 ಗಂಟೆಗೆ 200, ದೀಪಗಳಿಗೆ 100, ಸಣ್ಣ 12 ವೋಲ್ಟ್ ಫ್ರಿಜ್‌ಗೆ ದಿನಕ್ಕೆ 480 ಅಂದುಕೊಳ್ಳಿ. ಒಟ್ಟು 780 ವ್ಯಾಟ್-ಅವರ್. 12ರಿಂದ ಭಾಗಿಸಿದರೆ 65 ಆಂಪಿಯರ್-ಅವರ್ (ಬ್ಯಾಟರಿ ಮೇಲೆ Ah ಎಂದು ಬರೆದಿರುವ ಸಾಮರ್ಥ್ಯ). ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಷ್ಯ ಇಳಿಯುವುದರಿಂದ ಕನಿಷ್ಠ 130 ಬೇಕು. ಎರಡು ಬ್ಯಾಟರಿ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸುವುದಾದರೆ ಒಂದೇ ಕಂಪನಿ, ಒಂದೇ ತಿಂಗಳಿನವು ಇರಲಿ. ಹಳೆಯದು ಹೊಸದನ್ನೂ ಎಳೆದು ಹಾಳುಮಾಡುತ್ತದೆ.

ಕೊಳ್ಳುವಾಗ ಮಲ್ಟಿಮೀಟರ್ ಒಯ್ಯಿರಿ. 12.4 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಬಿಟ್ಟುಬಿಡಿ, ಚಾರ್ಜಿಲ್ಲದೆ ಕೂತ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿರುತ್ತದೆ. ಗ್ಯಾರಂಟಿ ಕಾರ್ಡಿಗಿಂತ ಇದೇ ಮುಖ್ಯ.

ಇಲ್ಲಿನ ಏಪ್ರಿಲ್ ಬಿಸಿಲೂ ಶತ್ರುವೇ: 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎಂಜಿನ್‌ನಿಂದ ದೂರವಿಡಿ. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಬೋರ್‌ವೆಲ್ ನೀರು ಹಾಕಲೇಬೇಡಿ. ಚಾರ್ಜಾಗುವಾಗ ಹೈಡ್ರೋಜನ್ ಬರುವುದರಿಂದ ಪೆಟ್ಟಿಗೆಯ ಮೇಲ್ಭಾಗದಿಂದ ಹೊರಕ್ಕೆ ಪೈಪ್ ಬೇಕು. ಮಂಚದ ಕೆಳಗೇ ಇಡಬೇಕೆಂದರೆ ದುಬಾರಿಯಾದರೂ ಎಜಿಎಂ (ಗ್ಯಾಸ್ ಬಹಳ ಕಡಿಮೆ ಬಿಡುವ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ) ತಗೊಳ್ಳಿ.